ತಗಡು ಕಾಣುವ ತನಕ

"ಬಾನೆಟ್ ಮಾತ್ರ ಕೆರೀಬ್ಯಾಡಿ ಸಾರ್. ಮ್ಯಾಲ್ಮ್ಯಾಲೆ ಉಜ್ಜಿ ಬಣ್ಣ ಹೊಡೆದುಕೊಡ್ತೀನಿ, ತಕ್ಕೊಂಡೋಗಿ," ಎಂದ ಪೇಂಟರ್ ರಾಮಾಂಜಿನಪ್ಪ.

ಉಪೇಂದ್ರ ನಕ್ಕುಬಿಟ್ಟ. ಪೀಣ್ಯದ ಪಕ್ಕದ ಸರ್ಕಾರಿ ಕಾರ್ಖಾನೆಗೆ ಇನ್‌ಸ್ಪೆಕ್ಟರಾಗಿ ಬಂದು ಎರಡು ತಿಂಗಳಾಗಿತ್ತು. ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕುವುದಕ್ಕೇ ಅವನಿಗೆ ಸಂಬಳ. ಹಳೇ ಬಣ್ಣದ ಮೇಲೆ ಹೊಸ ಬಣ್ಣ ಹೊಡೆಯುವುದು ಅವನ ಪಾಲಿಗೆ ಶುದ್ಧ ಮೋಸ. ಕಾರು ಕೊಟ್ಟ ಭಾವ ಜಯಸಿಂಹನೂ ಅದನ್ನೇ ಒತ್ತಿ ಹೇಳಿದ್ದ, ತಗಡು ಕಾಣುವ ತನಕ ಕೆರೆಸು ಎಂದು. ಭಾವನ ಬಲಗಾಲು ಒಂದು ವರ್ಷದಿಂದ ಒಣಗುತ್ತ ಬಂದಿತ್ತು. ಯಾವ ಡಾಕ್ಟರಿಗೂ ಕಾರಣ ತಿಳಿಯಲಿಲ್ಲ. ಓಡಿಸಲಾಗದೆ, ಮಗುವಿನಂತೆ ಸಾಕಿದ್ದ ಐವತ್ನಾಲ್ಕರ ಮಾಡೆಲ್ಲಿನ ಮಾರಿಸ್ ಕಾರನ್ನು ಹೆಂಡತಿಯ ತಮ್ಮನಿಗೆ ಸುಮ್ಮನೆ ಕೊಟ್ಟಿದ್ದ. ಕೀಲಿಕೈ ಕೊಡುವಾಗ ಅಕ್ಕ ಸೀತಾ ಕಣ್ಣೀರು ಹಾಕಿದ್ದಳು. ಪೆದ್ದ ಉಪೇಂದ್ರ, ಅದನ್ನು ಪ್ರೀತಿ ಎಂದುಕೊಂಡಿದ್ದ.

ರಾಮಾಂಜಿನಪ್ಪ ಬಾನೆಟ್ಟನ್ನು ಮೂಸಿ ನೋಡಿದ. ಮಿಕ್ಕ ಕಾರಿನ ಬಣ್ಣ ಇಪ್ಪತ್ತು ವರ್ಷ ಹಳೆಯದು, ಇದಕ್ಕೆ ಎರಡು ತಿಂಗಳೂ ಆಗಿಲ್ಲ, ಅಡಿಯಿಂದ ಸುಟ್ಟ ಕೂದಲಿನ ವಾಸನೆ ಬರುತ್ತಿದೆ ಎಂದ. ಒಬ್ಬರ ಕೇಡನ್ನು ಇನ್ನೊಬ್ಬರಿಗೆ ದಾಟಿಸಲು ಹೀಗೆ ಬಣ್ಣದಡಿ ಹೆಸರು ಬರೆದು ಮುಚ್ಚುತ್ತಾರಂತೆ; ಅದು ಬೆಳಕು ಕಂಡ ಗಳಿಗೆಯಲ್ಲೇ ಕೇಡು ಆ ಹೆಸರಿನವರಿಗೆ ಹತ್ತುತ್ತದಂತೆ. ತಾನಂತೂ ಮುಟ್ಟುವುದಿಲ್ಲ ಎಂದು ಕೈಕಟ್ಟಿ ನಿಂತ. ಬಣ್ಣ ಕೆರೆಯಲು ಸೋಮಾರಿತನ, ಅದಕ್ಕೊಂದು ಮಾಟದ ಕತೆ ಬೇರೆ ಎಂದು ಹಂಗಿಸಿ, ಉಪೇಂದ್ರ ತಾನೇ ಕೆರೆಯುವ ಪಟ್ಟಿ ಕೈಗೆತ್ತಿಕೊಂಡ.

ಪಕ್ಕದ ಶೆಡ್ಡಿನ ಲೇತು ಯಂತ್ರಗಳು ಕಿರುಗುಟ್ಟುತ್ತಿದ್ದವು. ಬಣ್ಣ ಸಿಪ್ಪೆ ಸಿಪ್ಪೆಯಾಗಿ ಎದ್ದಿತು. ವಾಸನೆ ಮೂಗಿಗೆ ಅಡರಿತು. ಕೆಳಗೆ ಕೆಂಪು ಗೆರೆಗಳು. ಮಂಡಲ. ಅದರ ನಡುವೆ ಒಂದು ಕಾಲಿನ ಚಿತ್ರ. ಅದರಡಿ ಭಾವನ ದುಂಡನೆಯ ಅಕ್ಷರದಲ್ಲಿ ಒಂದು ಹೆಸರು.

ಉಪೇಂದ್ರ ಎಂದಲ್ಲ. ವೀರನಾರಾಯಣ ಎಂದಿತ್ತು.

ನಾಮಕರಣದಂದು ಅಪ್ಪ ಅವನ ಕಿವಿಯಲ್ಲಿ ಉಸುರಿದ ಗುಟ್ಟಿನ ಹೆಸರದು. ಹೊರಗಿನವರ ಮುಂದೆ ಅದನ್ನು ಆಡಬಾರದೆಂಬುದು ಮನೆತನದ ಕಟ್ಟು. ಅಪ್ಪ ಅಮ್ಮ ಇಬ್ಬರೂ ತೀರಿಕೊಂಡಿದ್ದರು. ಬಲ್ಲವಳು ಇನ್ನೊಬ್ಬಳೇ, ಅಂದು ಅವನನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದ ಅಕ್ಕ.

ಕರೆಂಟು ಹೋಯಿತು. ಲೇತುಗಳು ನಿಂತವು. ಕಿಟಕಿಯಿಲ್ಲದ ಪೇಂಟ್ ಶೆಡ್ಡು ಕಪ್ಪಾಯಿತು. ಬಲಗಾಲಿನ ಹೆಬ್ಬೆರಳು ತಣ್ಣಗಾಯಿತು. ಆಮೇಲೆ ಪಾದ. ಆಮೇಲೆ ಮೊಣಕಾಲು. ಗಿಲ್ಲಿದ. ಏನೂ ಗೊತ್ತಾಗಲಿಲ್ಲ. ಕುಸಿದುಬಿದ್ದ.

"ಮುಚ್ಚಿಬಿಡು. ಏನಾದ್ರೂ ಬಳಿದು ಮುಚ್ಚಿಬಿಡು," ಎಂದು ಅಂಗಲಾಚಿದ.

"ಇನ್ನು ಮುಚ್ಚಿ ಏನ್ ಉಪಯೋಗ ಸಾರ್," ಎಂದ ರಾಮಾಂಜಿನಪ್ಪ.

ಎದುರಿನ ಕಾರ್ಖಾನೆಯಲ್ಲಿ ಫೋನಿತ್ತು. ರಾಮಾಂಜಿನಪ್ಪ ಅವನನ್ನು ಹೊತ್ತುಕೊಂಡೇ ಹೋಗಿ ಕೂರಿಸಿದ. ಉಪೇಂದ್ರ ನಂಬರು ತಿರುಗಿಸಿದ; ಮೊದಲ ಗಂಟೆಗೇ ಅಕ್ಕ ಎತ್ತಿಕೊಂಡಳು, ಕಾದು ಕೂತವಳ ಹಾಗೆ. ಅವಳ ಹಿಂದೆ ಯಾರೋ ಧಡಧಡನೆ ಮೆಟ್ಟಿಲು ಹತ್ತುತ್ತಿದ್ದ ಸದ್ದು, ಭಾವನ ನಗು. ಕಾಲು ಹೋದದ್ದಕ್ಕಿಂತ ಇದಕ್ಕೆ ಉಪೇಂದ್ರನ ಎದೆ ನೊಂದಿತು. ಹೊರಗಿನವರು ಮಾಡಿದ್ದರೆ ತಡೆದುಕೊಳ್ಳುತ್ತಿದ್ದನೇನೋ.

"ಅಕ್ಕಾ, ನನ್ನ ಹೆಸರು ಹೇಳಿದ್ದು ನೀನೇನಾ?"



"ನನಗೆ ಎರಡು ಹೆಣ್ಣುಮಕ್ಕಳು ಕಣೋ," ಎಂದಳು ಅಕ್ಕ. "ನಿನಗಿನ್ನೂ ಮದುವೆ ಆಗಿಲ್ಲ."

ಆಮೇಲೆ, ಯಾವತ್ತೂ ಕೇಳುವ ಹಾಗೆಯೇ, ಊಟ ಆಯ್ತೇನೋ ಎಂದು ಕೇಳಿದಳು.