ಮೊರೆಯಾ ದ್ವೀಪದಲ್ಲಿ ಬೀಗರು

ಹೋಟೆಲ್ಲಿನ ಮೆಟ್ಟಿಲು ಹತ್ತುತ್ತಿದ್ದಂತೆ, ಕಿವಿಯ ಮೇಲೆ ಬಿಳಿ ಹೂ ಸಿಕ್ಕಿಸಿಕೊಂಡಿದ್ದ ಹುಡುಗಿಯೊಬ್ಬಳು ಪದ್ಮಾಳ ಕೈಗೆ ಎರಡು ಹೂಮಾಲೆ ಕೊಟ್ಟಳು. ಒಂದು ನಿಮಗೆ, ಇನ್ನೊಂದನ್ನು ನಿಮ್ಮ ಯಜಮಾನರಿಗೆ ನೀವೇ ಹಾಕಿ ಎಂದು ಇಂಗ್ಲಿಷಿನಲ್ಲಿ ಹೇಳಿ, ಪಕ್ಕದಲ್ಲಿದ್ದ ಚಂದ್ರಮೋಹನರ ಕಡೆ ನೋಡಿ ನಕ್ಕಳು.

"ನೋ ನೋ, ದೇ ಆರ್ ನಾಟ್ ಮ್ಯಾರೀಡ್," ಎಂದು ಮಗಳು ಶರ್ವಾಣಿ ಹಿಂದಿನಿಂದ ಓಡಿಬಂದಳು. "ಶೀ ಈಸ್ ಮೈ ಮದರ್. ಅವರು ನನ್ನ ಹಸ್ಬೆಂಡ್‌ನ ಫಾದರ್."

ಗಾಬರಿಯಲ್ಲಿ ಅರ್ಧ ಕನ್ನಡವೇ ಬಂದಿತ್ತು. ಅಳಿಯ ಮಧುಸೂದನ್ ಹೊಟ್ಟೆ ಹಿಡಿದುಕೊಂಡು ನಕ್ಕ. ಪದ್ಮಾ ಎರಡೂ ಮಾಲೆಗಳನ್ನು ಮೊಮ್ಮಗಳು ಅಕ್ಷರಾಳ ಕೊರಳಿಗೆ ಹಾಕಿಬಿಟ್ಟಳು. ತಲೆ ಎತ್ತಿದಾಗ ಚಂದ್ರಮೋಹನ ಅವಳನ್ನೇ ನೋಡುತ್ತಿದ್ದರು. ಅವರು ಮಾತ್ರ ನಗುತ್ತಿರಲಿಲ್ಲ.

ಗಂಡ ತೀರಿಕೊಂಡ ಮೇಲೆ ಪದ್ಮಾ ಮೈಸೂರು ಬಿಟ್ಟು, ಹಿಮ ಬೀಳುವ ಪರದೇಶದ ನ್ಯೂಮಾರ್ಕೆಟ್‌ನಲ್ಲಿ ಮಗಳ ಮನೆ ಸೇರಿದ್ದಳು. ಚಂದ್ರಮೋಹನರ ಹೆಂಡತಿ ಹೋಗಿ ಅದಕ್ಕೂ ಹೆಚ್ಚು ಕಾಲವಾಗಿತ್ತು. ಮಗ ಎಷ್ಟು ಕರೆದರೂ ಅವರು ಹತ್ತಿರದ ದೊಡ್ಡ ನಗರದ ಥಾರ್ನ್‌ಕ್ಲಿಫ್ ಪಾರ್ಕಿನ ಅಪಾರ್ಟ್‌ಮೆಂಟು ಬಿಟ್ಟು ಬಂದಿರಲಿಲ್ಲ. ಭಾನುವಾರ ಮಾತ್ರ ತಪ್ಪದೆ ಬರುತ್ತಿದ್ದರು, ಜೆರಾರ್ಡ್ ಬೀದಿಯ ಇಂಡಿಯನ್ ಅಂಗಡಿಗಳಿಂದ ನುಗ್ಗೆಕಾಯಿಯೋ ಬಾಳೆಎಲೆಯೋ ಹಿಡಿದುಕೊಂಡು.

"ಬೀಗಿತ್ತಿ ಕೈ ಹುಳಿ ತಿನ್ನೋಕೆ ಬರೋದು. ಮೊಮ್ಮಗಳು ನೆಪ," ಎನ್ನುತ್ತಿದ್ದರು.

"ಬೀಗರಿಗೆ ಬಿಪಿ. ಹುಳೀಲಿ ಉಪ್ಪೇ ಹಾಕಿಲ್ಲ," ಎಂದು ಪದ್ಮಾ ಬಡಿಸುತ್ತಿದ್ದಳು.

ಬೀಗರ ನಡುವೆ ಇಂಥ ತಮಾಷೆ ಇದ್ದದ್ದೇ ಎಂದು ಮನೆಯವರು ಸುಮ್ಮನಿದ್ದರು. ಶನಿವಾರ ಸಂಜೆಯಿಂದಲೇ ತನ್ನ ಮನಸ್ಸು ಬಾಗಿಲ ಕಡೆಗಿರುತ್ತದೆ ಎಂಬುದನ್ನು ಪದ್ಮಾ ತನಗೂ ಹೇಳಿಕೊಂಡಿರಲಿಲ್ಲ. ಈಗ ಅಕ್ಷರಾಳ ಶಾಲೆಯ ಮಾರ್ಚ್ ಬ್ರೇಕ್ ರಜೆಗೆ ಮಧು ಎಲ್ಲರನ್ನೂ ಪೆಸಿಫಿಕ್ ಸಾಗರದ ನಡುವಿನ ಈ ದ್ವೀಪಕ್ಕೆ ಕರೆತಂದಿದ್ದ.

ಮಾರನೆಯ ದಿನ ಅವಳು ತೆಂಗಿನಮರದ ನೆರಳಲ್ಲಿ ಕೂತಿದ್ದಾಗ ಚಂದ್ರಮೋಹನ ಕೈಯಲ್ಲಿ ಎರಡು ಈಜುಗನ್ನಡಕ ಹಿಡಿದು ಬಂದರು.

"ಇಷ್ಟು ದೂರ ಬಂದು ಬಕೆಟ್ ನೀರಲ್ಲಿ ಸ್ನಾನ ಮಾಡ್ಕೊಂಡು ವಾಪಸ್ ಹೋಗ್ತೀರಾ?"

"ನನಗೆ ನೀರು ಅಂದ್ರೆ ಭಯ ಬೀಗರೇ."

"ನನಗೂ ಭಯಾನೇ. ಅದಕ್ಕೇ ಜೊತೆಗೆ ಕರೀತಿರೋದು."

"ಗೋ ಅಜ್ಜಿ, ಡೋಂಟ್ ಬಿ ಸ್ಕೇರ್ಡ್," ಎಂದು ಮರಳಲ್ಲಿ ಆಡುತ್ತಿದ್ದ ಅಕ್ಷರಾ ಕೂಗಿದಳು.

ಕಡಲ ನೀರು ಅಲ್ಲಿ ಸೊಂಟಕ್ಕೂ ಬರುತ್ತಿರಲಿಲ್ಲ. ಆದರೂ ಪದ್ಮಾ ಮುಂದೆ ಹೆಜ್ಜೆ ಇಡದೆ ನಿಂತಳು. ಅವರು ಕೈ ಚಾಚಿದರು.

"ಬಿಟ್ಟುಬಿಡಲ್ಲ ತಾನೇ?"

"ನೀವು ಬಿಡಿ ಅನ್ನೋವರೆಗೂ ಬಿಡಲ್ಲ."

ಅವಳು ಉಸಿರು ಹಿಡಿದು ಮುಖ ಮುಳುಗಿಸಿದಳು. ಕೆಳಗೆ ಹಳದಿ ಪಟ್ಟೆಯ ಮೀನುಗಳು ಒಂದೇ ಮನೆಯ ಮಕ್ಕಳಂತೆ ಒಟ್ಟಿಗೆ ತಿರುಗಿದವು. ಹವಳದ ಸಂದಿಯಿಂದ ಹೆಬ್ಬೆರಳಿನಷ್ಟು ನೀಲಿ ಮೀನೊಂದು ಇಣುಕಿ, ಅವಳನ್ನು ನೋಡಿ ಒಳಗೋಡಿತು. ಮೇಲೆದ್ದಾಗ ಪದ್ಮಾ ನಗುತ್ತಿದ್ದಳು. ಇಷ್ಟು ದೊಡ್ಡ ನಗು ಇನ್ನೂ ತನ್ನೊಳಗೆ ಉಳಿದಿದೆಯೆಂದು ಅವಳಿಗೇ ಗೊತ್ತಿರಲಿಲ್ಲ.

ಚಂದ್ರಮೋಹನರ ರೆಪ್ಪೆಯಿಂದ ನೀರು ತೊಟ್ಟಿಕ್ಕುತ್ತಿತ್ತು. "ನೀವು ಹೀಗೆ ನಕ್ಕಿದ್ದು ನೋಡೇ ಇರಲಿಲ್ಲ," ಎಂದರು.

"ನೀವು ಮೀನು ನೋಡ್ಬೇಕಿತ್ತು."

"ಅದನ್ನ ಅಕ್ಷರಾ ನೋಡ್ತಾಳೆ ಬಿಡಿ."

ಅವಳು ಮುಖ ತಿರುಗಿಸಿದಳು. ದಡಕ್ಕೆ ಬಂದರು, ನೀರು ಪಾದದಷ್ಟಾಯಿತು, ಆಮೇಲೆ ಒದ್ದೆ ಮರಳು ಬಂತು. ಬಿಡಿ ಎಂದು ಅವಳು ಹೇಳಲಿಲ್ಲ, ಅವರೂ ಬಿಡಲಿಲ್ಲ. ವರಾಂಡದಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ಶರ್ವಾಣಿಯನ್ನು ಕಂಡೊಡನೆ ಪದ್ಮಾ ಕೈ ಕಿತ್ತುಕೊಂಡಳು.

ಮಗಳು ಲೋಟ ಹಿಡಿದುಕೊಂಡೇ ಒಳಗೆ ಹೋದಳು. ಅದೇ ಪದ್ಮಾಳನ್ನು ಸುಟ್ಟಿತು. ಅಂದಿನಿಂದ ಊಟಕ್ಕೆ ಅವಳು ಮೇಜಿನ ಆ ತುದಿಯಲ್ಲಿ ಕೂತಳು, ಚಂದ್ರಮೋಹನ ನಡೆಯಲು ಕರೆದರೆ ತಲೆನೋವೆಂದಳು. ಒಂದು ಬೆಳಿಗ್ಗೆ ಅವರು ತಿಂಡಿಗೆ ಉಳಿದವರಿಗಿಂತ ಮೊದಲು ಬಂದು ಅವಳೆದುರು ನಿಂತರು.

"ನನ್ನಿಂದ ನಿಮಗೆ ಮುಜುಗರ ಆಯ್ತು. ಕ್ಷಮಿಸಿ. ಇನ್ಮೇಲೆ ಭಾನುವಾರ ಮನೆ ಕಡೆ ಬರಲ್ಲ. ಅಕ್ಷರಾನ ಮಧುನೇ ನನ್ನ ಹತ್ರ ಕರ್ಕೊಂಡು ಬರ್ಲಿ."

ಪದ್ಮಾ ತಟ್ಟೆಯಲ್ಲಿದ್ದ ಪಪ್ಪಾಯವನ್ನು ಅತ್ತಿತ್ತ ಸರಿಸಿದಳು. ಅವರಿಲ್ಲದ ಭಾನುವಾರಗಳು ಸಾಲಾಗಿ ಕಣ್ಣ ಮುಂದೆ ಬಂದವು. ಅವರು ತಿರುಗಿ ಹೊರಟೇಬಿಟ್ಟರು.

"ನೀವು ಬರದಿದ್ರೆ ನಾನು ಹುಳಿ ಯಾರಿಗೆ ಮಾಡ್ಲಿ?" ಎಂದಳು. "ನನಗೆ ವಾರದಲ್ಲಿ ಇರೋದೇ ಅದೊಂದು ದಿನ."

ಅವರು ನಿಂತಲ್ಲೇ ನಿಂತರು. "ನನಗೂ," ಎಂದರು.

ಪದ್ಮಾ ಎದ್ದು ಸೀದಾ ಮಗಳ ಕೋಣೆಗೆ ಹೋದಳು. ಎಲ್ಲ ಹೇಳಿದಳು. ಶರ್ವಾಣಿ ಮಡಚುತ್ತಿದ್ದ ಬಟ್ಟೆಯನ್ನು ಕೈಯಲ್ಲೇ ಹಿಡಿದು ಕೂತಳು.

"ನನಗೆ ಕೋಪ ಇಲ್ಲಮ್ಮ. ಅವತ್ತು ಅಪ್ಪ ನೆನಪಾದ್ರು, ಅಷ್ಟೇ. ನೀನು ಅವರನ್ನ ಮರೆತುಬಿಟ್ಯೇನೋ ಅನ್ನಿಸ್ತು."

"ಮರೆಯೋಕೆ ಆಗುತ್ತೇನೇ? ನನ್ನ ಮನಸ್ಸಲ್ಲಿ ನಿಮ್ಮಪ್ಪನ ಜಾಗದಲ್ಲಿ ನಿಮ್ಮಪ್ಪನೇ ಇದ್ದಾರೆ. ಆದ್ರೆ ನಾನೂ ಇನ್ನೂ ಇದ್ದೀನಲ್ಲ ಶರು."

ಶರ್ವಾಣಿ ಅಮ್ಮನ ಮಡಿಲಲ್ಲಿ ತಲೆಯಿಟ್ಟು ಅತ್ತಳು. ಅಳು ಮುಗಿಸಿ, ಮೂಗೊರೆಸಿಕೊಂಡು ಕೇಳಿದಳು: "ಹಾಗಾದ್ರೆ ನಾನೂ ಮಧೂನೂ ಅಣ್ಣ-ತಂಗಿ ಆಗ್ತೀವಾ?"

"ಥೂ, ಬಾಯ್ಮುಚ್ಚು," ಎಂದಳು ಪದ್ಮಾ. ಇಬ್ಬರೂ ಅಳುತ್ತಳುತ್ತಲೇ ನಕ್ಕರು.

"ಮಧುಗೆ ನಾನು ಹೇಳ್ತೀನಿ. ನೀನು ಏನೂ ಮಾತಾಡ್ಬೇಡ," ಎಂದಳು ಶರ್ವಾಣಿ.

ಹೇಳಿದಳೋ ಇಲ್ಲವೋ, ಹಿಂದಿರುಗುವವರೆಗೂ ಮಧುವಿನ ಮುಖದಿಂದ ತಿಳಿಯಲಿಲ್ಲ. ಪಿಯರ್ಸನ್ ವಿಮಾನನಿಲ್ದಾಣದಲ್ಲಿ ಇಳಿದಾಗ ಹಿಮ ಕರಗಿ ರಸ್ತೆಯೆಲ್ಲ ಕೆಸರು. ಮಧು ಕಾರನ್ನು ಮೊದಲು ಥಾರ್ನ್‌ಕ್ಲಿಫ್ ಕಡೆಗೆ ತಿರುಗಿಸಿದ. ಅಪಾರ್ಟ್‌ಮೆಂಟಿನ ಮುಂದೆ ಚಂದ್ರಮೋಹನ ಸೂಟ್‌ಕೇಸು ಇಳಿಸಿಕೊಂಡು, ಎಲ್ಲರಿಗೂ ಒಟ್ಟಿಗೇ ಕೈಬೀಸಿ, ಬರಿತಲೆಯಲ್ಲಿ ಗಾಳಿಗೆ ಎದುರಾಗಿ ನಡೆದರು. ಉಣ್ಣೆಯ ಟೋಪಿ ಸೀಟಿನ ಮೇಲೆಯೇ ಇತ್ತು.

ಪದ್ಮಾ ಕಿಟಕಿ ಇಳಿಸಿದಳು. "ರೀ, ಟೋಪಿ."

ಮುಂದಿನ ಸೀಟಿನಿಂದ ಮಗಳು ಸರ್ರನೆ ತಿರುಗಿ ನೋಡಿದಳು. ಅಪ್ಪ ಹೋದ ಮೇಲೆ ಅಮ್ಮನ ಬಾಯಿಂದ ಆ ಕರೆ ಬಂದದ್ದನ್ನು ಶರ್ವಾಣಿ ಕೇಳಿರಲಿಲ್ಲ. ಪದ್ಮಾ ನಾಲಿಗೆ ಕಚ್ಚಿಕೊಂಡಳು.

ಮಧು ಕನ್ನಡಿಯಲ್ಲೇ ನೋಡಿ ಎಂಜಿನ್ ಆಫ್ ಮಾಡಿದ. "ಅಪ್ಪನಿಗೆ ಬೇಗ ನೆಗಡಿ ಆಗುತ್ತೆ ಅತ್ತೆ. ಹೋಗಿ ಕೊಟ್ಟು ಬನ್ನಿ. ನಾವು ಕಾಯ್ತೀವಿ. ನಿಧಾನ."

ಪದ್ಮಾ ಕೆಸರು ದಾಟಿ ಹೋಗಿ, ಸುತ್ತ ಯಾರಿದ್ದಾರೆಂದು ನೋಡದೆ, ಟೋಪಿಯನ್ನು ತಾನೇ ಅವರ ಕಿವಿಯವರೆಗೆ ಎಳೆದು ಹಾಕಿದಳು.

"ಏನು ಕರೆದ್ರಿ?" ಎಂದರು ಅವರು.

"ಟೋಪಿ ಅಂದೆ."

"ಅದಕ್ಕೆ ಮುಂಚೆ."

"ಕೇಳಿಸ್ತಲ್ಲ."

"ಗಾಳಿ ಇತ್ತು. ಇನ್ನೊಂದ್ಸಲ ಅನ್ನಿ."

ಕೆನ್ನೆ ಬಿಸಿಯಾಗಿತ್ತು. ಆದರೂ ಈ ಸಲ ಅವಳು ನಾಲಿಗೆ ಕಚ್ಚಿಕೊಳ್ಳಲಿಲ್ಲ. ಅವರ ಕಣ್ಣನ್ನೇ ನೋಡುತ್ತ, ಮೆಲ್ಲಗೆ, "ರೀ," ಎಂದಳು.