ಸಂಗವ್ವನ ಒಲೆ

“ಆ ಮನಿಗೆ ಬೆಂಕಿ ಕೊಡಬ್ಯಾಡೋ ತಮ್ಮಾ. ನಿನ್ನ ಹೇಣ್ತಿ ದಿನಾ ತುಂಬಿದಾಕಿ.”

ದೇವಕ್ಕ ಮುದುಕಿ ಕೊಡ ಕೆಳಗಿಟ್ಟು ಇಷ್ಟು ಹೇಳಿದ್ದೇ ತಡ, ಬಾವಿಕಟ್ಟೆಯಲ್ಲಿ ಎಣ್ಣೆ ಹತ್ತಿದ ಕೈ ತೊಳೆಯುತ್ತಿದ್ದ ಮಡಿವಾಳಪ್ಪ ಓಣಿಗೆಲ್ಲ ಕೇಳುವಂತೆ ನಕ್ಕುಬಿಟ್ಟ. ಹುಬ್ಬಳ್ಳಿಯಲ್ಲಿ ಹುಟ್ಟಿ ಬೆಳೆದವನು. ಹತ್ತಿ ಅರೆಯುವ ಎಂಜಿನ್ ನೋಡಿಕೊಳ್ಳಲು ಶಿರಗುಪ್ಪಿಯ ಆಚೆಯ ಈ ಎರಿಕೊಪ್ಪಕ್ಕೆ ಹೊಸದಾಗಿ ಬಂದಿದ್ದ.

“ಕೊಟ್ರ ಏನ್ ಆಕ್ಕೈತಿ ಯವ್ವಾ? ನನ್ನ ಮೀಸಿ ಸುಡತೈತೇನು?”

“ಆಕಿ ಒಲಿ ಉರಿಸಿದವರ ಒಲಿ ಆರತೈತಿ.” ಮುದುಕಿಯ ದನಿ ಇಳಿಯಿತು. “ನಗಬ್ಯಾಡ. ಅಯ್ಯಾವರು ಕೇಳ್ಯಾರು.”

ಅಯ್ಯಾವರೆಂದರೆ ಊರ ಜಂಗಮ ಗುರುಸಿದ್ದಯ್ಯ. ಬೆಳಗಾದರೆ ಓಣಿಯ ತುದಿಗೆ ನಿಂತು ಪ್ರತಿಯೊಬ್ಬರ ಹಣೆ ನೋಡುವರು. ವಿಭೂತಿ ಅಳಿಸಿದ್ದರೆ ಹೊಲಕ್ಕೆ ಹೊರಟವನೂ ಮನೆಗೆ ಮರಳಬೇಕು. ಹೆಂಗಸರು ಜೋರಾಗಿ ನಕ್ಕರೂ ಆ ಊರಲ್ಲಿ ಪಂಚಾಯ್ತಿ ಕೂಡುತ್ತಿತ್ತು.

ಅತ್ತ ದಾರಿಯ ಅಂಚಿಗೆ ಸಂಗವ್ವ ನಿಂತಿದ್ದಳು. ಕೈಯಲ್ಲಿ ಕೆಂಡ ಬೇಡುವ ಒಡೆದ ಮಡಿಕೆಯ ಬೋಕಿ. ಹೋಗಿಬರುವವರೆಲ್ಲ ಅಲ್ಲೊಂದು ಮನುಷ್ಯಪ್ರಾಣಿ ಇಲ್ಲವೆಂಬಂತೆ ಮುಖ ತಿರುವಿಕೊಂಡು ದಾಟುತ್ತಿದ್ದರು. ಹಿಂದಿನ ವರ್ಷದ ಚಳವಳಿಯಲ್ಲಿ ಅವಳ ಒಬ್ಬನೇ ಮಗ ತಾರಿನ ತಂತಿ ಕತ್ತರಿಸಿ ತಲೆತಪ್ಪಿಸಿಕೊಂಡಿದ್ದ. ಅವನು ಸಿಗಲಿಲ್ಲವೆಂದು ಪೊಲೀಸರು ಊರ ಗಂಡಸರನ್ನು ಚಾವಡಿಯ ಮುಂದೆ ಮಲಗಿಸಿ ಬಡಿದರು. ಅದರ ಬೆನ್ನಿಗೇ ದನಗಳಿಗೆ ಬೇನೆ ಬಿತ್ತು. ಅಯ್ಯಾವರ ಮೊಮ್ಮಗು ಜ್ವರ ಬಂದು ಹೋಯಿತು. ಪೊಲೀಸರನ್ನು ಬೈಯಲು ಯಾರಿಗೂ ಬಾಯಿರಲಿಲ್ಲ. ಸಂಗವ್ವ ಕೈಗೆ ಸಿಗುವಂತಿದ್ದಳು. ಮಾಟ ಮಾಡಿದ್ದಾಳೆಂದರು, ಆ ಮನೆಗೆ ಬೆಂಕಿ-ನೀರು ಬಂದ್ ಎಂದರು.

ಯುದ್ಧದ ಕಾಲ, ಕಡ್ಡಿಪೆಟ್ಟಿಗೆ ಬಂಗಾರವಾಗಿತ್ತು. ಆದರೂ ಮಡಿವಾಳಪ್ಪ ಕಿಸೆಯಲ್ಲಿದ್ದದ್ದನ್ನು ತೆಗೆದು ಎಲ್ಲರೆದುರೇ ಅವಳ ಬೋಕಿಗೆ ಹಾಕಿದ.

“ತಗೋ ಯವ್ವಾ. ಛಲೋ ಬಿಸಿ ರೊಟ್ಟಿ ಬಡಕೊಂಡ್ ತಿನ್ನು.”

ಸಂಗವ್ವ ಪೆಟ್ಟಿಗೆ ನೋಡಲಿಲ್ಲ, ಅವನನ್ನೇ ನೋಡಿದಳು. “ನಿನ್ನ ಮನ್ಯಾಕಿಗೆ ಎಂದು ದಿನಾ ಅಪ್ಪಾ?”

“ಇವತ್ತೋ ನಾಳಿಗೋ.”

ಅವಳು ಬೋಕಿಯನ್ನು ಸೆರಗಿನಡಿ ಮುಚ್ಚಿಕೊಂಡು ಹೋದಳು. ಬಾವಿಕಟ್ಟೆಯ ಹೆಂಗಸರು ತುಂಬಿದ ಕೊಡಗಳನ್ನು ಅಲ್ಲೇ ಚೆಲ್ಲಿ, ಬರಿಗೊಡ ಹೊತ್ತು ಸರಸರ ನಡೆದರು.

ಮರುದಿನ ಮಳೆ ಹಿಡಿಯಿತು. ಎಂಥ ಮಳೆಯೆಂದರೆ, ಎರೆ ಮಣ್ಣು ಕಾಲನ್ನು ಮೊಣಕಾಲವರೆಗೆ ನುಂಗುತ್ತಿತ್ತು, ಬೆಣ್ಣಿಹಳ್ಳ ಹುಬ್ಬಳ್ಳಿಯ ದಾರಿಯನ್ನೇ ನುಂಗಿತ್ತು. ಆ ಮಳೆಯಲ್ಲೇ ಮಡಿವಾಳಪ್ಪನ ಹೆಂಡತಿ ಚನ್ನಬಸವ್ವ ಹೆತ್ತಳು. ಹೆಣ್ಣುಕೂಸು, ಗೇಣುದ್ದ. ಸೂಲಗಿತ್ತಿ ಹೊಕ್ಕಳು ಕೊಯ್ದವಳೇ ಹಿಂತಿರುಗಿ ನೋಡದೆ ಹೋದಳು.

ಬಾಣಂತಿಯ ಹೊರಸಿನ ಕೆಳಗೆ ಅಗ್ಗಿಷ್ಟಿಗೆ ನಿಲ್ಲಲಿಲ್ಲ. ಸಗಣಿಯ ಕುಳ್ಳು ಹೊತ್ತಿದಂತೆ ಮಾಡಿ, ಬೂದು ಹೊಗೆ ಕಾರಿ, ಆರುತ್ತಿತ್ತು. ಮಡಿವಾಳಪ್ಪ ಮತ್ತೆ ಊದಿದ. ಮತ್ತೆ ಆರಿತು. ಅಜವಾನದ ಹೊಗೆ ತುಂಬಬೇಕಾದ ಕೋಣೆಯಲ್ಲಿ ಹಸಿ ಸಗಣಿಯ, ಹಸಿ ರಕ್ತದ ವಾಸನೆ. ಕೂಸಿನ ತುಟಿ ನೀಲಿಯಾಗುತ್ತಿತ್ತು. ಮನೆಯಲ್ಲಿ ಉಳಿದಿದ್ದ ಕಡ್ಡಿಗಳೂ ತೀರಿದವು. ಕೆಂಡ ಬೇಡಿ ಓಣಿಗಿಳಿದರೆ ಬಾಗಿಲ ಮೇಲೆ ಬಾಗಿಲು ಮುಚ್ಚಿಕೊಂಡಿತು. ಒಂದು ಬಾಗಿಲ ಸಂದಿಯಿಂದ ದೇವಕ್ಕನ ದನಿ ಬಂತು: “ಅಯ್ಯಾವರ ಕಾಲ ಹಿಡಿ ಹೋಗೋ, ಹುಚ್ಚಪ್ಪಾ!”

ಮೀಸೆಯ ಮಾತಾಡಿದ್ದ ಮಡಿವಾಳಪ್ಪ ಅಯ್ಯಾವರ ಅಂಗಳದ ಕೆಸರಲ್ಲಿ ಬೋರಲು ಬಿದ್ದ.

ಗುರುಸಿದ್ದಯ್ಯ ಶಾಂತವಾಗಿಯೇ ಹೇಳಿದರು. “ಕೊಟ್ಟ ಬೆಂಕಿ ನೀನ ಆರಸಬೇಕು. ಆಕಿ ಒಲ್ಯಾಗ ನಿನ್ನ ಕೈಲೇ ನೀರು ಹುಯ್ಯಿ. ಆ ಹೊಗಿ ಮಾಡಿನಿಂದ ಎದ್ದದ್ದು ಊರು ನೋಡಬೇಕು. ಆಮ್ಯಾಗ ಹೊಸ್ತಿಲಕ್ಕ ಬಂದು ಆಕಿ ಮಾಟಗಾತಿ ಅಂತ ಕೂಗು. ನಿನ್ನ ಮನಿಗೆ ಒಣಾ ಕುಳ್ಳು, ಕೆಂಡ ನಾ ಕಳಸ್ತೀನಿ.”

ಹೊತ್ತು ಮುಳುಗಲು ಇನ್ನೂ ತಡವಿತ್ತು, ಆದರೆ ಮೋಡಕ್ಕೆ ಕತ್ತಲೆ ಕವಿದಿತ್ತು. ಸಂಗವ್ವನ ಗುಡಿಸಲ ಸುತ್ತ ಕಂಬಳಿ ಹೊದ್ದ ಜನ ನಿಂತರು. ಮಡಿವಾಳಪ್ಪ ತಂಬಿಗೆ ಹಿಡಿದು ಒಳಹೊಕ್ಕ.

ಒಲೆ ತಣ್ಣಗಿತ್ತು. ಅದರ ಮೇಲೆ ಜೇಡ ಬಲೆ ಕಟ್ಟಿತ್ತು. ಮೂಲೆಯಲ್ಲಿ ನೆನೆದ ಹಸಿ ಜೋಳ, ಹುಳಿ ವಾಸನೆ. ಸಂಗವ್ವ ಅದನ್ನೇ ಅಗಿಯುತ್ತ ಕೂತಿದ್ದಳು. ಕಡ್ಡಿಪೆಟ್ಟಿಗೆ ಇಟ್ಟಂತೆಯೇ ಗೂಡಿನಲ್ಲಿತ್ತು.

“ಹಚ್ಚಿಲ್ಲೇನವ್ವಾ?”

“ಬಸುರಿ ಇದ್ದ ಮನ್ಯಾಗಿಂದು. ಹೆಂಗ ಹಚ್ಚಲಿ ಅಪ್ಪಾ?” ಎಂದಳು. ಅವಳೂ ಆ ಊರಿನವಳೇ. ಊರು ನಂಬಿದ್ದನ್ನು ಅವಳೂ ನಂಬಿದ್ದಳು. “ನಿನ್ನ ಬೆಂಕಿ ಆರಿದ್ದು ನನ್ನಿಂದ ಅಲ್ಲ. ನಿನ್ನ ಕುಳ್ಳಿನ ಬಣವಿ ಮ್ಯಾಲಿನ ಹೊದಿಕಿ ಊರವರ ಎಳದು ಒಗದಾರ, ನಾ ನೋಡೀನಿ. ಮಳಿಗೆ ತೊಯ್ದಾವು ನೋಡು.”

ಅವನಿಗೆ ಎಲ್ಲ ತಿಳಿಯಿತು. ತಿಳಿದು ಏನು ಮಾಡುವುದು? ಹೊರಗೆ ಗುರುಸಿದ್ದಯ್ಯ ಕೆಮ್ಮಿದರು. ಅಲ್ಲಿ ಮನೆಯಲ್ಲಿ ಕೂಸು ನೀಲಿಯಾಗುತ್ತಿತ್ತು.

“ಹೊಗಿ ಏಳಬೇಕವ್ವಾ,” ಎಂದ. “ಇಲ್ಲಾಂದ್ರ ಕೆಂಡ ಕೊಡಂಗಿಲ್ಲ ಅವರು.”

ಅವನ ಕೈ ಗೂಡಿಗೆ ಹೋದದ್ದು ಕಂಡು ಸಂಗವ್ವ ಎದ್ದಳು. “ಬ್ಯಾಡೋ! ಇಲ್ಲೀತನಕಾ ನೀ ಕೊಟ್ರೂ ಕೊಡಲಾರದಾಂಗ ಐತಿ. ಹಚ್ಚಿದ್ರ ಖರೇನ ಕೊಟ್ಟಾಂಗ. ನನ್ನ ಹೆಸರು ಕೂಗಪ್ಪಾ, ಬೇಕಾದ್ದು ಅನ್ನು. ಹಚ್ಚಬ್ಯಾಡ.”

ಅವನು ಮಾಡಿನ ಒಳಮೈಯ ಒಣ ಹುಲ್ಲು ಹಿರಿದ. ಒಲೆಗೆ ತುರುಕಿದ. ಕಡ್ಡಿ ಗೀರಿದ. ಭಗ್ಗನೆ ಉರಿ ಎದ್ದಿತು. ಒಂದೇ ಕ್ಷಣ ಸಂಗವ್ವನ ಮುಖ ಬೆಳಗಿತು. ಅಷ್ಟು ದಿನಗಳ ಮೇಲೆ ಕಂಡ ಬೆಂಕಿಗೆ ಅವಳ ಕೈಗಳು ತಾವಾಗಿಯೇ ಚಾಚಿದವು. ಅವನು ನೀರು ಸುರಿದ. ಚುಂಯ್ ಎಂದಿತು. ಹೊಗೆ ಕಣ್ಣು, ಮೂಗು, ಎದೆ ತುಂಬಿತು. ಹೊರಗೆ ಜನ ಹೋ ಎಂದರು. ಅವನು ಹೊಸ್ತಿಲಿಗೆ ಬಂದ. ಕೂಗಿದ.

ಜನ ಒಳನುಗ್ಗಿದರು. ಅವಳನ್ನು ಉಕ್ಕಿದ ಹಳ್ಳದ ಕಡೆಗೆ ಎಳೆದೊಯ್ದರು. ಅವನು ಅತ್ತ ನೋಡಲಿಲ್ಲ.

ಅಯ್ಯಾವರು ಕಳಿಸಿದ ಕೆಂಡದ ಬೋಕಿ ಹಿಡಿದು ಜೊತೆಗೆ ಬಂದ ದೇವಕ್ಕ ದಾರಿಯಲ್ಲಿ ಪಿಸುಗುಟ್ಟಿದಳು. “ಹೋಗಮುಂದ ಏನರ ಶಾಪಾ ಹಾಕಿದ್ಲೇನೋ?”

“ಇಲ್ಲ.”

“ಏನೂ ಅನಲಿಲ್ಲಾ?”

“ಕೂಸಿನ್ನ ಬೆಚ್ಚಗ ಇಡು ಅಂದ್ಲು.”

ಮುದುಕಿ ಬೋಕಿಯನ್ನು ಅವನ ಕೈಗೆ ತುರುಕಿ, ಅಲ್ಲಿಂದಲೇ ಹೊರಳಿದಳು.

ಒಣ ಕುಳ್ಳು ಹೊತ್ತಿತು. ಹೊರಸಿನ ಕೆಳಗೆ ಕೆಂಪಗೆ, ನಿಗಿನಿಗಿ. ಮಡಿವಾಳಪ್ಪ ಉಸಿರುಬಿಟ್ಟು ಅದರ ಬಳಿಯೇ ಕುಕ್ಕರಿಸಿದ.

“ಬೆಂಕಿ ಹಚ್ಚರಿ ಲಗೂ,” ಎಂದಳು ಚನ್ನಬಸವ್ವ. ಹಲ್ಲು ಕಟಕಟ ಎನ್ನುತ್ತಿದ್ದವು.

“ಹಚ್ಚೇನಲ್ಲ. ನೋಡು.”

“ಮತ್ತ ಬಿಸಿ ಎಲ್ಲೈತ್ರಿ?”

ಅವನು ಕೈಯೊಡ್ಡಿದ. ಏನೂ ಇಲ್ಲ. ಕೆಂಡಕ್ಕೇ ಕೈ ಹಾಕಿದ. ಎತ್ತಿ ಅಂಗೈಯಲ್ಲಿಟ್ಟುಕೊಂಡ. ಊದಿದ. ಇನ್ನಷ್ಟು ಕೆಂಪಾಯಿತು. ಬಾವಿಯ ತಳದ ಕಲ್ಲಿನಷ್ಟು ತಣ್ಣಗಿತ್ತು. ಕೂಸನ್ನು ಎತ್ತಿ ಬರಿ ಎದೆಗೆ ಅವುಚಿಕೊಂಡ. ತಣ್ಣೀರು ಸುರಿದಂತೆ ಅದು ಬೆಚ್ಚಿಬಿದ್ದು ಕಿಟ್ಟನೆ ಕಿರುಚಿತು. ಚನ್ನಬಸವ್ವ ಕಸಿದುಕೊಂಡಳು. ಅವನ ಬೆರಳು ತಾಗಿದ್ದಕ್ಕೆ ಅವಳೂ ಚೀರಿದಳು.

ಅವನು ಹಿಂದೆ ಸರಿದ. ಗೋಡೆ. ಬಾಗಿಲು. ಹೊಸ್ತಿಲು ದಾಟಿದ. ಮಳೆ ಬೆನ್ನ ಮೇಲೆ ಬಿತ್ತು.

ಒಳಗೆ ಕುಳ್ಳು ಚಟ್ ಎಂದು ಸಿಡಿಯಿತು. ಅಜವಾನದ ಘಾಟು ಎದ್ದಿತು. ಕೂಸು ಅಳು ನಿಲ್ಲಿಸಿತು.

“ಈಗ ಬಿಸಿ ತಾಗಾಕತ್ತೈತಿ,” ಎಂದಳು ಚನ್ನಬಸವ್ವ. ಅವಳ ದನಿಯಲ್ಲಿ ಜೀವ ಬಂದಿತ್ತು. ಅವನು ಒಳಗೆ ಬರಲು ಹೊಸ್ತಿಲ ಮೇಲೆ ಕಾಲಿಟ್ಟ. ಬಿಸಿ ಥಟ್ಟನೆ ಹೋಯಿತು, ಕೂಸು ಮತ್ತೆ ಕಿರುಚಿತು.

ಅವಳು ಅವನನ್ನು ನೋಡಿದಳು. ಬೆಂಕಿಯನ್ನು ನೋಡಿದಳು. ಕೂಸನ್ನು ಸೆರಗಿನೊಳಗೆ ಎಳೆದುಕೊಂಡಳು.

“ಅಲ್ಲೇ ನಿಂದರ್ರಿ,” ಎಂದಳು. “ನಿಮ್ಮ ಕಾಲ ಬೀಳ್ತೀನಿ. ಒಳಗ ಬರಬ್ಯಾಡ್ರಿ.”