ಶೇಖವ್ವನ ಹೊಲದ ಮರುಸರ್ವೆ

"ನಮ್ಮವ್ವನ ಹೆಸರು ಎಲ್ಲೈತ್ರಿ?"

ಚಿಕ್ಕೇರೂರು ಬದಿಯ ಆ ಸಣ್ಣ ಊರಿನ ಪಂಚಾಯ್ತಿ ಗೋಡೆಗೆ ಬೆಳೆಹಾನಿ ಪರಿಹಾರದ ಪಟ್ಟಿ ಹಚ್ಚಿ ಅರ್ಧ ತಾಸಾಗಿತ್ತು. ಹೇಮಾ ಅದನ್ನು ಮೂರು ಸಲ ಓದಿ, ಸೀದಾ ಊರ ಜಮೀನಿನ ಲೆಕ್ಕ ನೋಡುವ ತಲಾಟಿ ದುರ್ಗೇಶನ ಮೇಜಿನ ಮುಂದೆ ಬಂದು ನಿಂತಿದ್ದಳು. ಹತ್ತಿಪ್ಪತ್ತು ದಿನ ಬಿಡದೆ ಸುರಿದ ಮಳೆಗೆ ಊರಿಗೆ ಊರೇ ಗೋವಿನಜೋಳ ಕಳೆದುಕೊಂಡಿತ್ತು. ಎಲ್ಲರ ಹೆಸರೂ ಇತ್ತು, ಅವ್ವ ಶೇಖವ್ವನದೊಂದೇ ಇರಲಿಲ್ಲ. ಆ ರೊಕ್ಕ ಬಾರದಿದ್ದರೆ ಹಿಂಗಾರಿಗೆ ಬೀಜ ಎಲ್ಲಿಂದ ತರುವುದು? ಇದ್ದ ಎರಡೆಕರೆ ಬೀಳು ಬೀಳುತ್ತಿತ್ತು.

ಸಿಟ್ಟಿಗೆ ಇನ್ನೊಂದು ಕಾರಣವೂ ಇತ್ತು, ಅದನ್ನು ಯಾರ ಮುಂದೂ ಹೇಳುವಂತಿರಲಿಲ್ಲ. ಸರ್ವೆಗೆ ಬಂದ ದಿನದಿಂದ ಈ ಮನುಷ್ಯ ಅವಳ ಮನಸ್ಸಿನಲ್ಲಿ ತಳ ಊರಿ ಕುಂತಿದ್ದ.

'ಇಂಥಾವನ್ನ ನಂಬಿದ್ನಲ್ಲ...'

"ಕೈ ಬಿಸಿ ಮಾಡ್ಲಿಲ್ಲಂತ ಹೆಸರು ಬಿಟ್ರೇನು?"

ದುರ್ಗೇಶನ ಮುಖ ಸಪ್ಪಗಾಯಿತು. ಮೊಬೈಲಿನಲ್ಲಿ ಸರ್ವೆಯ ಫೋಟೋ ತೋರಿಸಿದ. ಹೊಲ ಸಾರಿಸಿದ ಅಂಗಳದಷ್ಟು ಚೊಕ್ಕಟ! ಒಂದು ಕೊಳೆತ ದಂಟಿಲ್ಲ. ನೋಡಿದವರು ಫಸಲು ಕೊಯ್ದು ಮಾರಿದ್ದಾರೆ ಅನ್ನಬೇಕು, ಮೇಲಿನವರು ಹಾಗೇ ಅಂದು ಹೆಸರು ತೆಗೆದಿದ್ದರು.

ಹೇಮಾ ಮನೆಗೆ ಓಡಿದಳು. ಕೇಳಿದರೆ ಶೇಖವ್ವ ಒಂದಿಷ್ಟೂ ಅಳುಕದೆ ಹೇಳಿದಳು.

"ಸಾಹೇಬ್ರು ಬರ್ತಾರಂದ್ರ ಕೊಳತದ್ದು ತೋರಿಸ್ಬೇಕೇನ? ನಾನೂ ಬಾಜೂ ಮನಿ ವೀರವ್ವನೂ ಹಿಂದಿನ ದಿನಾನ ಎಲ್ಲಾ ಕಿತ್ತು ಬದುವಿನಾಚೆ ಒಗದ್ವಿ."

ಹೇಮಾ ಹಣೆ ಹಣೆ ಬಡಿದುಕೊಂಡಳು. ಬಂದವರ ಮುಂದೆ ಮರ್ಯಾದೆ ಉಳಿಸಲು ಹೋಗಿ ಅವ್ವ ಪರಿಹಾರವನ್ನೇ ಗುಡಿಸಿ ಹಾಕಿದ್ದಳು. ಅನ್ನಬಾರದ್ದು ಅನ್ನಿಸಿಕೊಂಡವನು ಮಾತ್ರ ಪಾಪದ ದುರ್ಗೇಶ.

ಮಧ್ಯಾಹ್ನ ಅವಳು ಹೊಲಕ್ಕೆ ಹೋದರೆ ಅವನು ಆಗಲೇ ಬದುವಿನಾಚೆ ನಿಂತು ಕೊಳೆತ ರಾಶಿಯ ಫೋಟೋ ತೆಗೆಯುತ್ತಿದ್ದ. ಬೆಳಿಗ್ಗೆ ಬಾಯಿಗೆ ಬಂದಂಗ ಅಂದೆ, ಮನಸ್ಸಿಗೆ ಹಚ್ಕೋಬ್ಯಾಡ್ರಿ ಎಂದು ಅವಳು ತಲೆ ತಗ್ಗಿಸಿದಳು.

"ತಪ್ಪು ನಂದರಿ. ನೀವು ಹ್ವಾದ ಮ್ಯಾಲ ಅನುಮಾನ ಬಂದು ಸುತ್ತ ಹುಡುಕಿದೆ, ಈ ರಾಶಿ ಆವತ್ತೂ ಇಲ್ಲೇ ಇತ್ತು. ಹೊಲ ನೋಡಾಕ ಬಂದಾಂವ ನಿಮ್ಮನ್ನ ನೋಡ್ಕೋತ ನಿಂತೆ."

ಆವತ್ತು ಚಹಾ ತಂದ ಹೇಮಾಳಾದರೂ ಹೊಲ ನೋಡಿದ್ದಳೇ? ಬಿಡಿ, ಆ ಸುದ್ದಿ ಬೇಡ.

ತಕರಾರು ಅರ್ಜಿ ಕೊಟ್ಟರೆ ಮರುಸರ್ವೆ ಆಗುತ್ತದೆ, ಆದರೆ ತಾನು ಬರುವುದಿಲ್ಲ, ಬೇರೆ ತಲಾಟಿಯನ್ನು ಕಳಿಸಲು ಹೇಳಿದ್ದೇನೆ ಎಂದ ಅವನು. ಹೇಮಾ ತಟ್ಟನೆ ತಲೆ ಎತ್ತಿದಳು.

"ನನ್ನ ಮ್ಯಾಲ ಸಿಟ್ಟೇನ್ರಿ?"

"ಸಂಬಂಧಿಕರ ಹೊಲದ ಸರ್ವೆ ನಾವ ಮಾಡಬಾರದ್ರಿ."

"ನಾವೆಲ್ಲಿ ಸಂಬಂಧಿಕರು?"

"ಇನ್ನೂ ಆಗಿಲ್ಲ..." ಅವನ ದನಿ ಇಳಿಯಿತು. "ಕೇಳಾಕ ನಮ್ಮಪ್ಪನ್ನ ಕಳಸ್ಬೇಕಂತ ಮಾಡೇನಿ. ಪರಿಹಾರ ಬಂದ ಮ್ಯಾಲ. ಈಗ ಕಳಿಸಿದ್ರ ಜನ ಒಂದಕ್ಕೆರಡು ಅಂತಾರ."

ಹೇಮಾಳ ಕಣ್ಣು ತುಂಬಿ ಬಂತು. ಅವ್ವನ ಬೀಜದ ಚಿಂತೆ ಹಾಗೇ ಇತ್ತು, ಪಟ್ಟಿಯಲ್ಲಿ ಹೆಸರು ಇನ್ನೂ ಇರಲಿಲ್ಲ. ಆದರೂ ಎಷ್ಟೋ ದಿನದ ಮೇಲೆ ಅವಳಿಗೆ ಹಗುರೆನಿಸಿತು.

"ಪರಿಹಾರ ಬರದಿದ್ರ?"

ಅವನು ಕೊಳೆತ ರಾಶಿಯ ಕಡೆ ನೋಡಿದ. ಅವಳೇ ಮೆಲ್ಲಗೆ ಅಂದಳು.

"ರೊಕ್ಕ ಬಂದ್ರ ಬರ್ಲಿ, ಬಿಟ್ರ ಬಿಡ್ಲಿ... ನೀವು ಮಾತ್ರ ಬರ್ರಿ."

"ಬರ್ತೇನಿ," ಅಂದ ದುರ್ಗೇಶ.